ಲ್ಯಾಪ್‌ಟಾಪಿನ ಹಿಂಬದಿ

ಕಳೆದ ಶನಿವಾರ ಬೆಳಿಗ್ಗೆ ಹತ್ತೂವರೆಗೆ ನನ್ನ ಮುಂದೆ ಒಂದು ಊಟದ ತಟ್ಟೆ ಇತ್ತು. ಅದರಲ್ಲಿ ರೊಟ್ಟಿ ಇರಲಿಲ್ಲ. ಆರು ಸ್ಕ್ರೂ ಇದ್ದವು. ಪಕ್ಕದಲ್ಲಿ ಹೊಟ್ಟೆ ತೆರೆದುಕೊಂಡು ಬಿದ್ದಿದ್ದ ಒಂದು ಹೊಸ ಲ್ಯಾಪ್‌ಟಾಪ್.

ಲ್ಯಾಪ್‌ಟಾಪ್ ನನ್ನದಲ್ಲ. ನಮ್ಮ ಮನೆಯದೂ ಅಲ್ಲ. ಒಂದು ವಾರ ಬಳಸಿ ನೋಡಿ ವಾಪಸು ಕೊಡಿ ಎಂದು ಕಂಪನಿಯವರು ನನ್ನ ಮೊಮ್ಮಗಳಿಗೆ ಕೊಟ್ಟದ್ದು.

ಇಲ್ಲಿಯವರೆಗೆ ಹೇಗೆ ಬಂತು ಅಂತ ಹೇಳುತ್ತೇನೆ. ಸ್ವಲ್ಪ ನಿಧಾನ ಆಗುತ್ತದೆ. (ಫೋನಿನಲ್ಲಿ ಟೈಪ್ ಮಾಡುವುದನ್ನು ಈಗಷ್ಟೇ ಕಲಿತಿದ್ದೇನೆ. ಒಂದೇ ಬೆರಳು. ಮೊದಲು ಹಾಳೆಯಲ್ಲಿ ಬರೆದು ಕಳಿಸುತ್ತಿದ್ದೆ, ತಪ್ಪಿದ್ದರೆ ಪತ್ರಿಕೆಯವರ ಮೇಲೆ ಹಾಕಬಹುದಿತ್ತು. ಆ ಸುಖ ಹೋಯಿತು.)

ಮೊಮ್ಮಗಳು ರೂಪಾ, ನನ್ನ ಮಗಳ ಮಗಳು. ಬೆಟಗೇರಿಯಲ್ಲಿ ನನ್ನ ಜೊತೆಗೇ ಇದ್ದಾಳೆ. ಲಕ್ಷ್ಮೇಶ್ವರದ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಕಂಪ್ಯೂಟರ್ ಟೀಚರ್. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಅವಳ ಶಾಲೆಯ ಹಳೆಯ ಕಂಪ್ಯೂಟರುಗಳಿಗೆ ಹೊಸ ವಿಂಡೋಸ್ ಹಿಡಿಸುವುದಿಲ್ಲ. ಹಾಗಾಗಿ ವಿಂಡೋಸ್ ಬದಲು ಲಿನಕ್ಸ್ ಎಂಬ ಬೇರೆ ವ್ಯವಸ್ಥೆ ಹಾಕಿಯೇ ಮಾರುವ ಲ್ಯಾಪ್‌ಟಾಪ್ ತೆಗೆದುಕೊಳ್ಳೋಣ ಎಂದು ಇವಳೇ ಕಮಿಟಿಯ ಮುಂದೆ ಹೇಳಿದ್ದಳು. ಕಮಿಟಿಯವರು ಕೇಳಿದ್ದು ಒಂದೇ ಪ್ರಶ್ನೆ.

"ಕೆಟ್ರ ರಿಪೇರಿ ಯಾರು ಮಾಡೋರು ಟೀಚರ್? ನೀವ ಒಂದು ವಾರ ನೋಡ್ರಿ. ಸೋಮವಾರ ಬಂದು ತಗೋಬೇಕೋ ಬ್ಯಾಡೋ ಹೇಳ್ರಿ. ಜವಾಬ್ದಾರಿ ನಿಮ್ದು."

ಅವಳಿಗೆ ಆ ಮಾತು ಚುಚ್ಚಿತ್ತು. ಯಾಕೆಂದರೆ ಹಿಂದೆ ಇವಳೇ ಹೇಳಿ ತರಿಸಿದ್ದ ಪ್ರೊಜೆಕ್ಟರ್ ಒಂದು ಕೆಟ್ಟಿತ್ತು. ರಿಪೇರಿಗೆ ಹುಬ್ಬಳ್ಳಿಗೆ ಹೋಯಿತು. ಇವತ್ತಿಗೂ ಬಂದಿಲ್ಲ. ಈಗಲೂ ಸ್ಟಾಫ್ ರೂಮಿನಲ್ಲಿ ಯಾರಾದರೂ "ರೂಪಾ ಟೀಚರ್ ಪ್ರೊಜೆಕ್ಟರ್" ಅಂದರೆ ಎಲ್ಲರೂ ನಗುತ್ತಾರಂತೆ. ಲ್ಯಾಪ್‌ಟಾಪಿನಲ್ಲೂ ಹಾಗಾದರೆ ಅವಳ ಮಾತನ್ನು ಅಲ್ಲಿ ಮತ್ತೆ ಯಾರೂ ಕೇಳುವುದಿಲ್ಲ. ಬೇಡ ಅಂದುಬಿಟ್ಟರೆ ಹುಡುಗಿಯರು ಕಂಪ್ಯೂಟರನ್ನು ಪುಸ್ತಕದ ಚಿತ್ರದಲ್ಲೇ ಕಲಿಯಬೇಕು.

ಶುಕ್ರವಾರ ಸಂಜೆ ಲ್ಯಾಪ್‌ಟಾಪನ್ನು ತಂದು ನನ್ನ ತೊಡೆಯ ಮೇಲಿಟ್ಟಳು.

"ಆಯಿ, ನಿನಗ ಮನಸಿಗೆ ಬಂದಂಗ ಬಳಸು." (ಆಯಿ ಅಂದರೆ ಅಜ್ಜಿ, ಅಂದರೆ ನಾನೇ.)

"ನಾ ಯಾಕಲೇ? ನಿಮ್ಮ ಶಾಲ್ಯಾಗ ಹುಡುಗ್ಯಾರ ಇಲ್ಲೇನ?"

"ನಾಲ್ಕು ದಿನ ಅವ್ರ ಕೈಯಾಗ ಕೊಟ್ಟು ನೋಡೀನಿ. ಅಂಜಿ ಅಂಜಿ ಮುಟ್ತಾರ. ನೀ ಅಂಜೂದಿಲ್ಲ. ಒಮ್ಮೆ ಫೋನಿನ ಭಾಷಾನ ಚೀನಿ ಮಾಡಿ ಇಟ್ಟಿದ್ದಿ, ನೆನಪೈತೇನ?"

ನೆನಪಿದೆ. ಎರಡು ದಿನ ಹಾಗೇ ಬಳಸಿದೆ. ಚಿತ್ರ ನೋಡಿಕೊಂಡು ಒತ್ತಿದರೆ ಚೀನಿಯೂ ಏನು ಕಷ್ಟವಿಲ್ಲ.

ಸರಿ, ಪರೀಕ್ಷೆ ಶುರು ಮಾಡಿದೆ. ಬಟನ್ ಒತ್ತಿದೆ. ಸೀರೆಯ ನಿರಿಗೆ ಹಿಡಿಯುವಷ್ಟರಲ್ಲಿ ತೆರೆ ಬೆಳಗಿತು. ಹುಡುಗಿಯರು ಬಳಸಿದ್ದನ್ನೆಲ್ಲ ರೂಪಾ ಅಳಿಸಿ ಕೊಟ್ಟಿದ್ದಳು, ಹಾಗಾಗಿ ಮೊದಲ ಪ್ರಶ್ನೆ, ಯಾವ ಭಾಷೆ? ಪಟ್ಟಿಯಲ್ಲಿ ಕನ್ನಡ ಇತ್ತು. ಒತ್ತಿದೆ. ಇಡೀ ಮನೆಗೆ ಸುಣ್ಣ ಬಳಿದ ಹಾಗೆ ಎಲ್ಲವೂ ಕನ್ನಡ ಆಯಿತು.

ಆದರೆ ಎಂಥಾ ಕನ್ನಡ? ಫೈಲಿಗೆ ಕಡತ ಅನ್ನುತ್ತದೆ. ನಮ್ಮಲ್ಲಿ ಕಡತ ಅನ್ನುವವರು ತಹಶೀಲ್ದಾರರ ಕಚೇರಿಯಲ್ಲಿ ಮಾತ್ರ ಸಿಗುತ್ತಾರೆ. ಇರಲಿ, ಓದಿದರೆ ಅರ್ಥ ಆಗುತ್ತದೆ.

ಅಕ್ಷರ ದೊಡ್ಡದು ಮಾಡುವುದು ಒಂದೇ ಕಡೆ ಇದೆ, ನಾನೇ ಹುಡುಕಿದೆ. ಎರಡು ಬೆರಳು ಸವರಿದರೆ ಪುಟ ಸರಿಯುತ್ತದೆ. ಮೂರು ಬೆರಳು ಸವರಿದರೆ ಎಲ್ಲ ಬಿಟ್ಟು ಬೇರೊಂದು ಖಾಲಿ ತೆರೆಗೆ ಹೋಗಿ ನಿಲ್ಲುತ್ತದೆ. (ಗಾಬರಿಯಾದೆ. ಆಮೇಲೆ ಅದೇ ಆಟ ಆಡುತ್ತ ಕೂತೆ.) ಕೀಲಿಗಳ ಮೇಲೆ ಕನ್ನಡ ಅಕ್ಷರವಿಲ್ಲ. ರೂಪಾ ಏನೋ ಹೊಂದಿಸಿ ಕೊಟ್ಟಳು, ಇಂಗ್ಲಿಷಿನ ಅಕ್ಷರ ಒತ್ತಿದರೆ ಕನ್ನಡ ಮೂಡುತ್ತದೆ. ಹತ್ತೂ ಬೆರಳಿಗೆ ಜಾಗ ಇದೆ, ನಾನು ಮಾತ್ರ ಒಂದರಲ್ಲೇ ಕುಟ್ಟಿದೆ.

ಒಂದು ಗುಣ ಬಹಳ ಹಿಡಿಸಿತು. ಅಪ್‌ಡೇಟ್ ಬಂದಾಗ ಈಗ ಮಾಡಲೋ, ಆಮೇಲೆ ಮಾಡಲೋ ಎಂದು ಕೇಳುತ್ತದೆ. ಬೇಡ ಅಂದರೆ ಸುಮ್ಮನಾಗುತ್ತದೆ. ನಮ್ಮ ಮನೆಯಲ್ಲಿ ಇಷ್ಟು ಮರ್ಯಾದೆಯಿಂದ ನನ್ನನ್ನು ಯಾರೂ ಏನೂ ಕೇಳಿದ್ದಿಲ್ಲ.

"ಇದನ್ನ ಮಾಡಿದವ್ರು ಯಾರು?" ಎಂದೆ.

"ಒಬ್ರಲ್ಲ ಆಯಿ. ಈ ಲಿನಕ್ಸ್ ಅನ್ನೂದು ಜಗತ್ತಿನ್ಯಾಗ ಎಲ್ಲೆಲ್ಲೋ ಇರೋ ಮಂದಿ ಕೂಡಿ ಬರದದ್ದು. ಈಗ ಹೊಸಾ ಆವೃತ್ತಿ ಬಂದೈತಿ. ಬರದದ್ದನ್ನ ಯಾರ್ ಬೇಕಾದ್ರೂ ಓದಬೋದು, ತಿದ್ದಬೋದು, ಮತ್ತೊಬ್ರಿಗೆ ಕೊಡಬೋದು."

"ಪುಕ್ಕಟೆ?"

"ಪುಕ್ಕಟೆ."

"ಹಂಗಾರ ಎಲ್ಲಾರೂ ಯಾಕ ತಗೊಳ್ಳಂಗಿಲ್ಲ?"

"ಪುಕ್ಕಟೆ ಅಂದ್ರ ಮಂದಿಗೆ ಸಂಶಯ," ಎಂದು ರೂಪಾ ಮುಚ್ಚಳ ಮುಚ್ಚಿದಳು.

ಶನಿವಾರ ಬೆಳಿಗ್ಗೆ ನೋಡಿದರೆ ಬ್ಯಾಟರಿ ಕಾಲು ಭಾಗ ಖಾಲಿ. ಮುಚ್ಚಿಟ್ಟಿದ್ದೆವು, ಯಾರೂ ಮುಟ್ಟಿರಲಿಲ್ಲ. ನಿದ್ದೆಯಲ್ಲೂ ತಿನ್ನುತ್ತದೆ! ರೂಪಾ ಮುಖ ಸಣ್ಣದು ಮಾಡಿಕೊಂಡು ಅದನ್ನು ತನ್ನ ನೋಟ್‌ಬುಕ್ಕಿನಲ್ಲಿ ಬರೆದಳು. ಶನಿವಾರ ಅರ್ಧ ದಿನದ ಶಾಲೆ. ಎರಡೂವರೆಗೆ ಬರುತ್ತೇನೆ ಎಂದು ಬಸ್ಸಿಗೆ ಓಡಿದಳು.

ಮನೆಯಲ್ಲಿ ನಾನು ಮತ್ತು ಲ್ಯಾಪ್‌ಟಾಪ್.

ನಾನು ನೇಕಾರರ ಮನೆಯವಳು. ಸೀರೆ ಕೈಗೆ ಬಂದರೆ ನಾವು ಮೇಲ್ಮೈ ನೋಡುವುದಿಲ್ಲ, ತಿರುವಿ ಹಿಂಬದಿ ನೋಡುತ್ತೇವೆ. ಮೇಲಿನಿಂದ ಎಲ್ಲ ಸೀರೆಯೂ ಚೆಂದವೇ. ಎಳೆ ಎಲ್ಲಿ ಜೋತು ಬಿದ್ದಿದೆ, ಎಲ್ಲಿ ಕಡಿದು ಗಂಟು ಹಾಕಿದ್ದಾರೆ ಎಂಬುದು ಹಿಂದೆ ಕಾಣುತ್ತದೆ. ನಮ್ಮತ್ತೆ ನನ್ನನ್ನು ನೋಡಲು ಬಂದಾಗ ಮೊದಲು ನನ್ನ ಸೆರಗು ತಿರುವಿ ನೋಡಿದರು. ಮುಖ ನೋಡಿದ್ದು ಆಮೇಲೆ.

ಹಾಗಾಗಿ ಲ್ಯಾಪ್‌ಟಾಪನ್ನೂ ತಿರುವಿ ಹಾಕಿದೆ.

ಹಿಂದೆ ಆರು ಸ್ಕ್ರೂ. ಅಷ್ಟೇ. ಬಿಚ್ಚಿದರೆ ಗ್ಯಾರಂಟಿ ಇಲ್ಲ ಎನ್ನುವ ಚೀಟಿ ಎಲ್ಲೂ ಅಂಟಿಸಿಲ್ಲ. ನಮ್ಮ ಮನೆಯ ಮಿಕ್ಸರಿಗೆ ಆ ಚೀಟಿ ಇದೆ. ಫೋನಿಗೆ ಚೀಟಿಯೂ ಬೇಕಿಲ್ಲ, ಅಂಟು ಹಾಕಿಯೇ ಮುಚ್ಚಿದ್ದಾರೆ. ಇದರ ಡಬ್ಬಿಯಲ್ಲಿ ನೋಡಿದರೆ ಚಾರ್ಜರಿನ ಪಕ್ಕ ಬೆರಳುದ್ದದ ಒಂದು ಸ್ಕ್ರೂಡ್ರೈವರ್.

ನೀವೇ ಹೇಳಿ. ಸಾಮಾನಿನ ಜೊತೆ ಸ್ಕ್ರೂಡ್ರೈವರ್ ಕೊಡುವವರು ಯಾಕೆ ಕೊಡುತ್ತಾರೆ?

ಆಫ್ ಮಾಡಿ ಬಿಚ್ಚಿದೆ. (ಅಷ್ಟು ಬುದ್ಧಿ ಇದೆ.) ಸ್ಕ್ರೂಗಳನ್ನು ತಟ್ಟೆಗೆ ಹಾಕಿದೆ. ನೆಟ್ಟಗೆ ತಿರುಗಿಸಿ ಎತ್ತಿದರೆ ಕೀಬೋರ್ಡು ಡಬ್ಬಿಯ ಮುಚ್ಚಳದಂತೆ ಎದ್ದು ಬಂತು. ಒಳಗೆ ಎಷ್ಟು ಚೊಕ್ಕ ಅನ್ನುತ್ತೀರಿ! ಪುಟ್ಟ ಫ್ಯಾನು, ಉದ್ದನೆಯ ಬ್ಯಾಟರಿ. ಒಂದೊಂದರ ಪಕ್ಕದಲ್ಲೂ ಸಣ್ಣ ಅಕ್ಷರದಲ್ಲಿ ಅದರ ಹೆಸರು. ಹಿಂಬದಿ ಇಷ್ಟು ಶುದ್ಧ ಇದ್ದ ಸೀರೆಯನ್ನು ನಾನು ಕೈಬೆರಳಲ್ಲಿ ಎಣಿಸಬಹುದು.

ತೃಪ್ತಿಯಾಗಿ ಮುಚ್ಚಿದೆ, ಸ್ಕ್ರೂ ಹಾಕಿದೆ, ಆನ್ ಮಾಡಿದೆ. ಪಾಸ್‌ವರ್ಡ್ ಕೇಳಿತು. ಒತ್ತಿದೆ. ಏನೂ ಇಲ್ಲ. ಬೇರೆ ಕೀಲಿ ಒತ್ತಿದೆ. ಒಂದೂ ಮೂಡಲಿಲ್ಲ. ಮತ್ತೆ ಬಿಚ್ಚಿದೆ. ಈ ಅಂಕಣ ಶುರುವಾದದ್ದು ಆ ಹೊತ್ತಿನಲ್ಲಿ.

ಆಗ ಪ್ರೊಜೆಕ್ಟರ್ ನೆನಪಾಯಿತು. ಹಿಂದಿನ ಓಣಿಯ ಮೆಹಬೂಬಿಗೆ ಫೋನ್ ಮಾಡಿದೆ. ಮೆಹಬೂಬಿ ಹೊಲಿಗೆಯವಳು, ನನ್ನ ಗೆಳತಿ. ತನ್ನ ಮಶೀನನ್ನು ಇವತ್ತಿನವರೆಗೆ ಬೇರೆಯವರ ಕೈಗೆ ರಿಪೇರಿಗೆ ಕೊಟ್ಟವಳಲ್ಲ.

"ಜಲ್ದಿ ಬಾ. ಒಂದು ಸಾಮಾನ ಕೆಟ್ಟೈತಿ."

"ತಾನ ಕೆಟ್ಟೈತೋ, ನೀ ಕೆಡಿಸಿದ್ದೋ ನೀಲಕ್ಕ?"

"ಬಾ ಅಂದ್ರ ಬಾ."

ಕೊರಳಲ್ಲಿ ಟೇಪು ಹಾಕಿಕೊಂಡೇ ಬಂದಳು. ನೋಡಿದಳು.

"ಯಾರ್ದಿದು?"

"ರೂಪಾ ತಂದದ್ದು."

"ಶಾಲೀದೇನ?"

"ಕಂಪನೀದು."

"ಯಾ ಅಲ್ಲಾ," ಎಂದು ನೆಲಕ್ಕೆ ಕೂತಳು. "ಬಿಚ್ಚಿದ್ದರ ಯಾಕ?"

"ಒಳಗ ಏನೈತಿ ನೋಡೂಣಂತ."

"ಏನೈತಿ?"

"ಬಾಳ ಚಂದ ಐತಿ. ನೀನೂ ನೋಡು."

ನೋಡಿದಳು. ಸುಳ್ಳು ಯಾಕೆ, ಹತ್ತು ನಿಮಿಷ ಇಬ್ಬರೂ ಬಗ್ಗಿ ನೋಡುತ್ತಲೇ ಇದ್ದೆವು. ಆಮೇಲೆ ಗಡಿಯಾರ ನೋಡಿದೆವು.

"ಗಾಬರಿ ಆಗಬ್ಯಾಡ," ಎಂದಳು ಮೆಹಬೂಬಿ. "ಏನರ ಕಿತ್ತು ಬಂದಿದ್ರ ಅದು ಇದ್ದ ಜಾಗಾ ಖಾಲಿ ಇರ್ತೈತಿ. ಮಶೀನ ಯಾವ್ದಾದ್ರೇನು? ಖಾಲಿ ಜಾಗಾ ಹುಡುಕು."

ನಾನು ಫೋನಿನ ಟಾರ್ಚ್ ಹಿಡಿದೆ. ಅವಳು ಕನ್ನಡಕ ಏರಿಸಿಕೊಂಡು ಮೂಲೆಯಿಂದ ಮೂಲೆಗೆ ಹುಡುಕಿದಳು. ಬ್ಯಾಟರಿಯ ಮೇಲ್ಗಡೆ ಒಂದು ಸಣ್ಣ ಖಾಲಿ ಗೂಡು. ಕೀಬೋರ್ಡಿನ ಬೆನ್ನಿಗೆ ಲಂಗದ ಲಾಡಿಯಂಥ ಚಪ್ಪಟೆ ಪಟ್ಟಿಯೊಂದು ಜೋತುಬಿದ್ದಿತ್ತು. ಎತ್ತುವಾಗ ನಾನೇ ಕಿತ್ತಿದ್ದೆ. ಪಟ್ಟಿಯ ತುದಿಯನ್ನು ಗೂಡಿನ ಮೇಲಿಟ್ಟು ಒತ್ತಿದಳು. ಟಿಚ್ ಬಟನ್ ಹಾಕಿದ ಸದ್ದು.

ಮುಚ್ಚಿದೆವು. ಆನ್ ಮಾಡಿದೆವು. ಪಾಸ್‌ವರ್ಡ್ ಹೋಯಿತು.

"ಅದರಾಗ ನನ್ ಹೆಸರು ಬರಿ," ಎಂದಳು. ಬರೆದೆ. ತೆರೆಯ ತುಂಬ ದೊಡ್ಡದಾಗಿ ಮೆಹಬೂಬಿ ಎಂದು ಬಂತು. ಅವಳು ಅದನ್ನು ಅಳಿಸಲು ಬಿಡಲಿಲ್ಲ.

ರೂಪಾಳಿಗೆ ಹೇಳಬಾರದು ಎಂದು ನಾನು ತೀರ್ಮಾನ ಮಾಡಿದ್ದೆ. ರೂಪಾ ಚಪ್ಪಲಿ ಬಿಡುವ ಮೊದಲೇ ಮೆಹಬೂಬಿ ಹೇಳಿಬಿಟ್ಟಳು.

"ನಿನ್ ಕಂಪ್ಯೂಟರ್ ನಾವ್ ರಿಪೇರಿ ಮಾಡೀವಿ ನೋಡವ್ವ."

"ಅದಕ್ಕೇನಾಗಿತ್ತು ಖಾಲಾ?"

"ಏನೂ ಆಗಿದ್ದಿಲ್ಲ. ನಿಮ್ಮಾಯಿ ಬಿಚ್ಚಿದ್ಲು."

ರೂಪಾ ಬೈಯುತ್ತಾಳೆ ಅಂದುಕೊಂಡಿದ್ದೆ. ಬೈಯಲಿಲ್ಲ. ಬ್ಯಾಗು ಹೆಗಲಲ್ಲಿ ಇದ್ದ ಹಾಗೇ ಕೂತಳು.

"ಸೋಮವಾರ ನಾ ಏನಂತ ಹೇಳ್ಲಿ ಆಯಿ? ಪ್ರೊಜೆಕ್ಟರ್ ಆತು, ಈಗ ಇದು. ನಿನಗ ಎಲ್ಲಾ ಆಟ."

ಕಣ್ಣು ತುಂಬಿತ್ತು ಅವಳದು. ನನ್ನ ನಗು ಅಲ್ಲೇ ನಿಂತಿತು. ತಪ್ಪಾತು ಎಂದೆ. ಮೊಮ್ಮಕ್ಕಳಿಗೆ ಆ ಮಾತು ಹೇಳುವುದು ಸುಲಭವಲ್ಲ, ಹೇಳಿ ನೋಡಿ.

ಅವಳು ಒಂದು ಗಂಟೆ ಒಂದೊಂದನ್ನೇ ಪರೀಕ್ಷಿಸಿದಳು. ಎಲ್ಲ ಸರಿ ಇತ್ತು. ಆದರೂ ಮುಚ್ಚಿಡುವ ಹುಡುಗಿ ಅಲ್ಲ. ಕಂಪನಿಯವನಿಗೆ ಫೋನ್ ಹಚ್ಚಿ, ನಮ್ಮನೆಯಲ್ಲಿ ಬಿಚ್ಚಿದ್ದಾರೆ ಎಂದು ಇದ್ದದ್ದು ಇದ್ದ ಹಾಗೆ ಹೇಳಿದಳು. ಬೆಂಗಳೂರಿನ ಕಡೆಯ ಹುಡುಗ.

"ಬಿಚ್ಚೋಕೆ ಅಂತಾನೇ ಸ್ಕ್ರೂಡ್ರೈವರ್ ಕೊಟ್ಟಿರೋದು ಮೇಡಂ. ಎಲ್ಲಾ ಕೆಲಸ ಮಾಡ್ತಿದೆ ತಾನೆ? ಮತ್ತೇನ್ ಬಿಡಿ," ಎಂದ.

ರೂಪಾ ಫೋನ್ ಇಟ್ಟು ನಮ್ಮಿಬ್ಬರ ಕಡೆ ತಿರುಗಿದಳು.

"ಕೂಡಿಸಾಕ ಎಷ್ಟೊತ್ತು ಹಿಡೀತು ನಿಮಗ?"

"ಬಗ್ಗಿ ನೋಡಕೋತ ಕುಂತದ್ದು ಬಿಟ್ರ ಇಪ್ಪತ್ತು ನಿಮಿಷ," ಎಂದಳು ಮೆಹಬೂಬಿ.

"ಹಂಗಾರ ಇನ್ನೊಮ್ಮೆ ಬಿಚ್ರಿ. ನಾ ವಿಡಿಯೋ ಮಾಡ್ತೀನಿ."

ಎರಡನೇ ಸಲಕ್ಕೆ ಹನ್ನೊಂದು ನಿಮಿಷ ಸಾಕಾಯಿತು. ಕೆಲಸ ಮಾಡುತ್ತ ನನಗೆ ಒಂದು ಅನುಮಾನ ಬಂತು. ಆ ಪ್ರೊಜೆಕ್ಟರ್ ಕೂಡ ಇಂಥದೇ ಒಂದು ಲಾಡಿ ಬಿಚ್ಚಿಕೊಂಡು ಸತ್ತಿತ್ತೋ ಏನೋ? ತೆರೆದು ನೋಡುವ ಧೈರ್ಯ ಯಾರೂ ಮಾಡಲಿಲ್ಲ. ನಮ್ಮ ಮನೆಗಳಲ್ಲಿ ಇಂಥ ಸಾಮಾನು ದಿನಾ ಬಳಸುವವರು ಹೆಂಗಸರು. ಆದರೆ ಕೆಟ್ಟಾಗ "ಮುಟ್ಟಬ್ಯಾಡ, ಯಾರನ್ನರ ಕರಸೂಣು" ಎಂಬ ಮಾತು ಬರುತ್ತದೆ. ಮೆಹಬೂಬಿ ತನ್ನ ಮಶೀನು ಬಿಚ್ಚಲು ಕಲಿತದ್ದು ಯಾಕೆ ಗೊತ್ತೇ? ಕರೆಸಿದವರು ಬರಲಿಲ್ಲ, ಅದಕ್ಕೆ.

ಸೋಮವಾರ ಕಮಿಟಿಯ ಮುಂದೆ ರೂಪಾ ಮೊದಲು ದೋಷಗಳನ್ನೇ ಓದಿದಳಂತೆ. ಮುಚ್ಚಿಟ್ಟರೂ ಬ್ಯಾಟರಿ ಇಳಿಯುತ್ತದೆ, ರಾತ್ರಿ ಪೂರ್ತಿ ಆಫ್ ಮಾಡಬೇಕು. ಬಿಸಿಲಿನಲ್ಲಿ ತೆರೆ ಮಂಕು. ಕನ್ನಡ ಸ್ವಲ್ಪ ಕಚೇರಿಯ ಕನ್ನಡ. ಕೇಳಿದವರ ಮುಖ ಬಿಗಿಯಾಯಿತು. ಒಬ್ಬರು ಅದೇ ಪ್ರಶ್ನೆ ಎತ್ತಿದರು, ಕೆಟ್ಟರೆ ಯಾರು?

ರೂಪಾ ಫೋನ್ ತೆಗೆದಳು. ವಿಡಿಯೋ ಹಚ್ಚಿದಳು. ಎರಡು ಬಿಳಿ ತಲೆ, ಒಂದು ತಟ್ಟೆ, ಎರಡನೇ ಸಲವೂ "ಖಾಲಿ ಜಾಗಾ ಹುಡುಕು" ಎನ್ನುವ ಮೆಹಬೂಬಿಯ ದನಿ.

"ಇವ್ರು ಯಾರ್ರೀ ಟೀಚರ್? ಸರ್ವಿಸ್ ಸೆಂಟರ್‌ದವ್ರೇನು?" ಎಂದು ಹೆಡ್‌ಮಾಸ್ಟರ್ ಕೇಳಿದರು.

"ಅಲ್ರೀ ಸರ್. ನಮ್ಮಾಯಿ. ಇನ್ನೊಬ್ರು ಅವ್ರ ಗೆಳತಿ."

ಒಪ್ಪಿಗೆ ಸಿಕ್ಕಿತು. ಲ್ಯಾಪ್‌ಟಾಪ್ ಬರುತ್ತವೆ. ರೂಪಾ ಮನೆಗೆ ಬಂದು ನನ್ನ ಕೆನ್ನೆ ಹಿಂಡಿದಳು. ಆದರೆ ಹೊರಡುವಾಗ ಹೆಡ್‌ಮಾಸ್ಟರ್ ಒಂದು ಷರತ್ತು ಹಾಕಿದರಂತೆ.

"ಹುಡುಗ್ಯಾರು ಬಿಚ್ಚೂದು ಬ್ಯಾಡ ಟೀಚರ್. ಏನರ ಕೆಟ್ರ ನಿಮ್ಮ ಆಯಿನ್ನ ಕರಸೂಣು."

ಕರೆಸಿ ಸರ್, ಮೆಹಬೂಬಿಯನ್ನೂ ಕಟ್ಟಿಕೊಂಡು ಮೊದಲ ಬಸ್ಸಿಗೇ ಬರುತ್ತೇನೆ. ನಾನು ಸತ್ತ ಮೇಲೆ ಯಾರನ್ನು ಕರೆಸುತ್ತೀರಿ?