ಸ್ಟಾಂಪಿಲ್ಲದ ಲಕೋಟೆ

ಹೊಸ ಅಂಚೆಚೀಟಿ ಕಂಡರೆ ಮೂಗು ಮುರಿಯುವುದು ನನ್ನ ಹಳೆಯ ಚಾಳಿ. ಹೆಬ್ಬೆರಳಗಲದ ಜಾಗದಲ್ಲಿ ಒಂದು ಮುಖ, ಅದರ ಹಿಂದೊಂದು ಕಟ್ಟಡ, ಮೂಲೆಯಲ್ಲೊಂದು ಲಾಂಛನ, ಎಲ್ಲಕ್ಕೂ ಮದುವೆ ಮಂಟಪದ ಬಣ್ಣ. ಹಳೆಯವು ಹಾಗಲ್ಲ. ಕಂದೋ ಹಸಿರೋ ಒಂದೇ ಒಂದು ಶಾಯಿ, ಅದರಲ್ಲೇ ನೆರಳು, ಅದರಲ್ಲೇ ಬೆಳಕು. ಮಗ್ಗದ ಮುಂದೆ ಕೂತವಳ ಬಾಗಿದ ಬೆನ್ನನ್ನು ಭೂತಗನ್ನಡಿ ಹಿಡಿದು ಎಷ್ಟು ಹೊತ್ತು ಬೇಕಾದರೂ ನೋಡಬಹುದು. ಚಿತ್ರದಲ್ಲಿ ಏನನ್ನು ಬಿಡಬೇಕು ಅನ್ನುವುದು ಬರೆದವರಿಗೆ ಗೊತ್ತಿತ್ತು.

ಈ ಭಾಷಣವನ್ನು ನಾನು ಹೆಚ್ಚಾಗಿ ಬಿಗಿದದ್ದು ಭದ್ರಾವತಿಯ ಸೋದರತ್ತೆಯ ಮುಂದೆ. ಮದುವೆಯಾಗದೆ ಉಳಿದ ಅತ್ತೆ ಸರ್ವೀಸಿಡೀ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತು ಸ್ಟಾಂಪು ಮಾರಿದವಳು. ಈಗ ಕಿವಿ ಪೂರ್ತಿ ಮಂದ. ಫೋನಿನಲ್ಲಿ ಏನೂ ಕೇಳಿಸುವುದಿಲ್ಲ, ಹಾಗಾಗಿ ಶಿವಮೊಗ್ಗದಲ್ಲಿರುವ ನನಗೆ ವಾರಕ್ಕೊಂದು ಕಾಗದ ಬರೆಯುತ್ತಿದ್ದಳು.

"ನಂಗೆ ಹೊಸದೇ ಇಷ್ಟ ಕಣೇ, ಬಣ್ಣ ಬಣ್ಣ ಇರುತ್ತೆ" ಅಂದಳು ಒಮ್ಮೆ.

ನಾನು ಹಾಳೆಯ ಮೇಲೆ "ನಿನಗೆ ಟೇಸ್ಟೇ ಇಲ್ಲ" ಎಂದು ದಪ್ಪಕ್ಷರದಲ್ಲಿ ಬರೆದು ತೋರಿಸಿದೆ. ಅತ್ತೆ ನಕ್ಕಳು. ಮುಂದಿನ ವಾರದಿಂದ, ಯಾವತ್ತೋ ಕೊಂಡು ಟ್ರಂಕಿನಲ್ಲಿಟ್ಟಿದ್ದ ಹಳೆಯ ಐವತ್ತು ಪೈಸೆಯವನ್ನು ಹತ್ತು ಹತ್ತು ಅಂಟಿಸಿ ಕಳಿಸತೊಡಗಿದಳು. ವಿಳಾಸಕ್ಕೇ ಜಾಗವಿಲ್ಲ. "ಮೂಗಿಗಿಂತ ಮೂಗುತಿ ಭಾರ ಆಯ್ತಲ್ಲೇ ಮಾರಾಯ್ತಿ" ಎಂದು ಲಕೋಟೆಯ ಹಿಂದೆ ಬರೆದಿದ್ದಳು.

ಲಕೋಟೆ ಬಂದ ಕೂಡಲೇ ನಾನು ಸ್ಟಾಂಪಿನ ಸುತ್ತ ಕತ್ತರಿಸಿ, ತಟ್ಟೆಯ ನೀರಿನಲ್ಲಿ ನೆನೆಹಾಕಿ, ಒಂದೊಂದಾಗಿ ಬಿಡಿಸಿ ಪೇಪರಿನ ಮೇಲೆ ಒಣಗಿಸುತ್ತಿದ್ದೆ. ಕಾಗದದ ಸರದಿ ಆಮೇಲೆ. ಮಂಡಿ ನೋವು, ನೀರು ಬಾರದ ನಲ್ಲಿ, ಪಕ್ಕದ ಮನೆಯವರ ಬೆಕ್ಕು. ಅರ್ಧ ಓದಿ ಮಡಿಸಿಡುತ್ತಿದ್ದೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ನಾನು ಕಾಯುತ್ತಿದ್ದದ್ದು ಅತ್ತೆಯ ಕಾಗದಕ್ಕಲ್ಲ.

ಕಳೆದ ವರ್ಷ ದೀಪಾವಳಿಯಾದ ಮೇಲೆ ಒಂದು ಲಕೋಟೆ ಬಂತು. ಅದರ ಮೇಲೆ ಒಂದು ಸ್ಟಾಂಪೂ ಇಲ್ಲ. ಕೌಂಟರಿನ ಮಿಷಿನ್ನಿನಲ್ಲಿ ಅಚ್ಚಾದ ಬಿಳಿ ಲೇಬಲ್ಲು, ಅದರ ಮೇಲೆ ಕಪ್ಪಗೆ ದರ, ತಾರೀಕು. ನನಗೆ ಸಿಟ್ಟೇ ಬಂತು. ಒಡೆಯದೆ ಫ್ರಿಜ್ಜಿನ ಮೇಲೆ ಎಸೆದೆ. ಅದರ ಮೇಲೆ ಕರೆಂಟ್ ಬಿಲ್ಲು ಬಿತ್ತು, ಲಗ್ನಪತ್ರಿಕೆಗಳು ಬಿದ್ದವು. ಆಮೇಲಿನ ವಾರಗಳಲ್ಲಿ ಅತ್ತೆಯ ಕಾಗದ ಬಾರದ್ದನ್ನೂ ನಾನು ಗಮನಿಸಲಿಲ್ಲ.

ಮೂರು ವಾರದ ನಂತರ ಬಿಲ್ಲು ಹುಡುಕುವಾಗ ಅದು ಕೈಗೆ ಸಿಕ್ಕಿತು. ಒಳಗಿದ್ದದ್ದು ನಾಲ್ಕೇ ಸಾಲು.

"ಬರೋ ಮಂಗಳವಾರ ಶಿವಮೊಗ್ಗದಲ್ಲೇ, ನಿನ್ನ ಮನೆ ಹತ್ರದ ಆಸ್ಪತ್ರೆಲಿ ಕಣ್ಣಿನ ಆಪರೇಷನ್. ಕಿವಿ ಮೊದಲೇ ಇಲ್ಲ, ಕಣ್ಣೂ ಕಟ್ಟಿದ್ರೆ ಏನು ಗತಿ ಅಂತ ಹೆದರಿಕೆ. ನೀನು ಬಂದು ಕೈ ಹಿಡ್ಕೊಂಡು ಕೂತ್ರೆ ಸಾಕು. ಅರ್ಜೆಂಟು, ಸ್ಟಾಂಪು ಹುಡುಕೋಕೆ ಆಗ್ಲಿಲ್ಲ."

ಆ ಆಸ್ಪತ್ರೆಗೆ ಆಲ್ಕೊಳದ ನಮ್ಮ ಮನೆಯಿಂದ ಆಟೋದಲ್ಲಿ ಹತ್ತು ನಿಮಿಷ. ಆ ಮಂಗಳವಾರ ನನಗೆ ಯಾವ ಕೆಲಸವೂ ಇರಲಿಲ್ಲ. ಅಷ್ಟು ಹತ್ತಿರದಲ್ಲಿ ಅತ್ತೆ ಹೆದರಿಕೊಂಡು ಮಲಗಿದ್ದಾಗ ನಾನು ಮನೆಯಲ್ಲಿ ಆರಾಮಾಗಿ ಕೂತಿದ್ದೆ.

ಸಿಕ್ಕಿದ ಬಸ್ಸು ಹತ್ತಿ ಭದ್ರಾವತಿಗೆ ಹೋದೆ. ಅತ್ತೆ ಕಪ್ಪು ಕನ್ನಡಕ ಹಾಕಿಕೊಂಡು ಜಗಲಿಯಲ್ಲಿ ಕೂತಿದ್ದಳು. ಪಕ್ಕದ ಮನೆಯ ತಮಿಳು ಅಕ್ಕ ಕಣ್ಣಿಗೆ ಡ್ರಾಪ್ಸ್ ಹಾಕುತ್ತಿದ್ದರು. ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದವರೂ ಅವರೇ.

"ಎಲ್ಲಾ ಚೆನ್ನಾಗಾಯ್ತು ಮೇಡಂ" ಅಂದರು ಆಕೆ. "ಒಳಗೆ ಕರ್ಕೊಂಡು ಹೋಗೋವರ್ಗೂ ಬಾಗಿಲ ಕಡೆನೇ ನೋಡ್ತಾ ಇದ್ರು. ಫೋನ್ ಮಾಡ್ತೀನಿ ಅಂದ್ರೆ ಬೇಡ ಅಂದ್ರು. ಕಾಗದ ಹಾಕಿದ್ದೀನಿ, ಬಂದೇ ಬರ್ತಾಳೆ ಅಂತ."

ಅತ್ತೆ ತಡವಿ ನನ್ನ ಕೈ ಹಿಡಿದುಕೊಂಡಳು. "ಕಾಗದ ಸಿಗ್ಲೇ ಇಲ್ವಾ ನಿಂಗೆ? ನಮ್ಮವ್ರೇ ಎಲ್ಲೋ ಕಳೆದಿರ್ಬೇಕು ಬಿಡು."

ನಮ್ಮವರು ಅಂದರೆ ಅಂಚೆಯವರು. ಕಾಗದ ತಲುಪಲಿಲ್ಲ ಎಂದು ಯಾರಾದರೂ ಬಾಯಿತಪ್ಪಿ ಅಂದರೂ ಜಗಳಕ್ಕೆ ನಿಲ್ಲುತ್ತಿದ್ದವಳು, ನನಗಾಗಿ ತನ್ನವರ ಮೇಲೆ ತಪ್ಪು ಹೊರಿಸಿದಳು. ಅತ್ತೆಗೆ ನಿಜ ಹೇಳಬೇಕೆಂದರೆ ಕಿರುಚಬೇಕು; ಕಿರುಚಿದರೆ ಇಡೀ ಬೀದಿಗೆ ಕೇಳುತ್ತದೆ. ಇದು ನಾನು ನನಗೆ ಕೊಟ್ಟುಕೊಂಡ ನೆಪ. ಹೌದು, ಸಿಗಲಿಲ್ಲ ಎಂಬಂತೆ ತಲೆಯಾಡಿಸಿದೆ.

"ಛೆ, ಎಂಥಾ ಕೆಲ್ಸ ಆಗೋಯ್ತು ಮಾರಾಯ್ತಿ" ಎಂದು ಅತ್ತೆ ತಲೆ ತಗ್ಗಿಸಿದಳು, ತಾನೇ ಕಳೆದವಳ ಹಾಗೆ.

ಈಗ ಅತ್ತೆ ಸಾದಾ ಟಪಾಲನ್ನು ನಂಬುವುದಿಲ್ಲ. ಅಂಚೆ ಕಚೇರಿಗೆ ನಡೆದು ಹೋಗಿ, ಕ್ಯೂ ನಿಂತು, ಪ್ರತಿ ಕಾಗದವನ್ನೂ ಸ್ಪೀಡ್ ಪೋಸ್ಟ್ ಮಾಡುತ್ತಾಳೆ. ನಾನು ಸಹಿ ಹಾಕಿ ಗೇಟಿನ ಹತ್ತಿರವೇ ಒಡೆದು ಓದುತ್ತೇನೆ. ಮೊನ್ನೆಯ ಕಾಗದದ ಮೊದಲ ಸಾಲು, "ಇದಾದ್ರೂ ನಿನ್ನ ಕೈ ಸೇರುತ್ತೆ ಅಂದ್ಕೊಂಡಿದ್ದೀನಿ." ಪೋಸ್ಟ್‌ಮ್ಯಾನ್ ಇನ್ನೂ ಅಲ್ಲೇ ನಿಂತು ಬ್ಯಾಗು ಸರಿ ಮಾಡಿಕೊಳ್ಳುತ್ತಿದ್ದ. ಅವತ್ತು ಸ್ಟಾಂಪಿಲ್ಲದ ಆ ಲಕೋಟೆಯನ್ನು ನನ್ನ ಕೈಗೇ ಕೊಟ್ಟು ಹೋದವನು ಅವನೇ. ಅವನ ಮುಖ ನೋಡಲು ನನ್ನಿಂದಾಗಲಿಲ್ಲ.