ತಂಗಿಯ ಕೈಯ ಹೊಗೆಗಣ್ಣು

ನನ್ನ ತಂಗಿಯ ಎಡಗಣ್ಣಿನಲ್ಲಿ ಹೂವು ಬಿದ್ದಿದೆ. ಕರಿಗುಡ್ಡೆಯ ಮೇಲೆ ಅಕ್ಕಿಕಾಳಿನಷ್ಟು ಬಿಳಿ ಕಲೆ. ಶಾಲೆಗೆ ಹೋಗುವ ವಯಸ್ಸಿನಲ್ಲಿ ಅವಳು ಸುಗ್ಗಿಗೆಂದು ದಢೇಸುಗೂರಿನ ಸೋದರತ್ತೆಯ ಮನೆಗೆ ಹೋಗಿದ್ದಳು. ಗದ್ದೆಯಲ್ಲಿ ಕೊಯ್ದ ಪೈರಿನ ಸಿವುಡು ಹೊತ್ತು ತರುವಾಗ ಭತ್ತದ ತೆನೆಯೊಂದು ಕಣ್ಣಿಗೆ ಬಡಿಯಿತು. ಯಾರದೋ ಮಾತು ಕೇಳಿ ಮೊದಲು ಎದೆಹಾಲು ಹಿಂಡಿಸಿದರು. ದವಾಖಾನೆಗೆ ತರುವಷ್ಟರಲ್ಲಿ ಹುಣ್ಣಾಗಿತ್ತು. ಹುಣ್ಣು ಮಾಯಿತು, ಕಲೆ ಉಳಿಯಿತು. ಈಗ ಆ ಕಣ್ಣಿಗೆ ಬೆಳಕು ಯಾವುದು, ಕತ್ತಲೆ ಯಾವುದು ಎನ್ನುವುದಷ್ಟೇ ತಿಳಿಯುತ್ತದೆ.

ಮದುವೆಯಾಗಿ ಸಿಂಧನೂರಿಗೆ ಬಂದ ಮೇಲೆ ನಾನು ಇಲ್ಲೊಂದು ಬ್ಯೂಟಿ ಪಾರ್ಲರ್ ತೆರೆದೆ. ಅಪ್ಪ ತೀರಿಕೊಂಡ ವರ್ಷ ತಂಗಿಯೂ ನನ್ನ ಜೊತೆ ಕೆಲಸಕ್ಕೆ ಸೇರಿದಳು. ಅವಳು ಅವ್ವನ ಜೊತೆ ಮಸ್ಕಿಯಲ್ಲೇ ಇರುತ್ತಿದ್ದಳು. ಬೆಳಿಗ್ಗೆ ಬಸ್ಸಿಗೆ ಬಂದು ಸಂಜೆ ಬಸ್ಸಿಗೆ ಹೋಗುತ್ತಿದ್ದಳು. ಹುಬ್ಬು ತಿದ್ದುವುದು, ಕೂದಲು ಕತ್ತರಿಸುವುದು ಇವೆಲ್ಲ ನಾನೇ ಕಲಿಸಿದ್ದು. ಕಣ್ಣಿನ ಕೆಲಸ ಮಾತ್ರ ಅವಳು ತಾನಾಗಿಯೇ ಕಲಿತಳು.

ಆಗ ನಮ್ಮ ಕಡೆಯ ಮದುಮಕ್ಕಳೂ ಫೋನಿನಲ್ಲಿ ಫೋಟೊ ತೋರಿಸಿ, ರಿಸೆಪ್ಷನ್ನಿಗೆ ಇಂಥದೇ, ಹೊಗೆ ಹರಡಿದಂಥ ಸ್ಮೋಕಿ ಕಣ್ಣು ಬೇಕು ಎನ್ನತೊಡಗಿದ್ದರು. ನಾನು ಮಾಡಿದರೆ ಕಣ್ಣಿನ ಸುತ್ತ ಯಾರೋ ಗುದ್ದಿದ ಹಾಗೆ ಕಾಣುತ್ತಿತ್ತು. ಸಾಲಗುಂದದ ಒಬ್ಬ ಮದುಮಗಳ ಅಜ್ಜಿ ನನ್ನ ಕೆಲಸ ನೋಡಿ, ಹುಡುಗಿ ಹಸಿ ಕಟ್ಟಿಗೆ ಒಲೆಯ ಮುಂದೆ ಕೂತು ಎದ್ದು ಬಂದ ಹಾಗಿದ್ದಾಳೆ ಎಂದಿದ್ದಳು. ತಂಗಿ ನಕ್ಕು, ನನ್ನ ಕೈಯಿಂದ ಬ್ರಷ್ ತೆಗೆದುಕೊಂಡು ಎಲ್ಲ ಒರೆಸಿ ಮೊದಲಿನಿಂದ ಮಾಡಿದಳು.

ಅವಳು ಮಾಡುವುದನ್ನು ಎಷ್ಟು ಸಲ ನೋಡಿದ್ದೇನೋ. ರೆಪ್ಪೆಗೂದಲಿನ ಬುಡಕ್ಕೆ ಕಾಡಿಗೆ ಎಳೆದು, ಅದು ಒಣಗುವುದರೊಳಗೆ ಬೆರಳ ತುದಿಯಿಂದ ಮೇಲಕ್ಕೆ ತೀಡುವಳು. ರೆಪ್ಪೆ ಮಡಿಕೆ ಬೀಳುವಲ್ಲಿ ಕಂದು ಬಣ್ಣ, ಹೊರಮೂಲೆಯಲ್ಲಿ ಕಪ್ಪು. ಆಮೇಲೆ ಒಣ ಬ್ರಷ್ ಹಿಡಿದು ಸಣ್ಣಗೆ ಸುತ್ತಿಸುತ್ತ ಕೂತುಬಿಡುವಳು. ಕಪ್ಪು ಎಲ್ಲಿ ಮುಗಿಯಿತು, ಚರ್ಮದ ಬಣ್ಣ ಎಲ್ಲಿ ಶುರುವಾಯಿತು ಎಂದು ಹೇಳಲು ಬರಬಾರದು, ಅಷ್ಟು ಹೊತ್ತು. ಒಂದೇ ಕಣ್ಣಿನಲ್ಲಿ ನೋಡುವುದರಿಂದ ಅವಳು ಮುಖವನ್ನು ತೀರ ಹತ್ತಿರ ತರುತ್ತಿದ್ದಳು. ಕೂತವರು ಅವಳ ಉಸಿರು ತಾಗಿ ಕಣ್ಣು ಮುಚ್ಚಿದರೆ, ಹಾಗೇ ಇರಿ ಎನ್ನುವಳು. ಎದ್ದವರು ಕನ್ನಡಿಯಲ್ಲಿ ಮುಖವನ್ನು ಅತ್ತ ಇತ್ತ ತಿರುಗಿಸಿ ನೋಡಿಕೊಳ್ಳುತ್ತಿದ್ದರು. ಮಾನ್ವಿ, ಗಂಗಾವತಿ ಕಡೆಯಿಂದಲೂ ಅವಳನ್ನೇ ಕೇಳಿಕೊಂಡು ಬರತೊಡಗಿದರು.

ತನ್ನ ಕಣ್ಣಿಗೆ ಮಾತ್ರ ಅವಳು ಏನನ್ನೂ ಹಚ್ಚುತ್ತಿರಲಿಲ್ಲ. ಸುತ್ತ ಕಪ್ಪು ಮಾಡಿದರೆ ಬಿಳಿ ಇನ್ನೂ ಎದ್ದು ಕಾಣುತ್ತದೆ ಎನ್ನುತ್ತಿದ್ದಳು. ಅದು ನಿಜವೂ ಆಗಿತ್ತು.

ಲಿಂಗಸುಗೂರಿನಿಂದ ಸಂಬಂಧ ಬಂದದ್ದು ಆ ದಿನಗಳಲ್ಲೇ. ಹುಡುಗನಿಗೆ ಬೀಜ ಗೊಬ್ಬರದ ಅಂಗಡಿಯಿತ್ತು. ಅವನೂ ಅವನ ತಾಯಿಯೂ ಮಸ್ಕಿಗೆ ಬಂದು ನೋಡಿದರು. ಅವ್ವ ಏನನ್ನೂ ಮುಚ್ಚಿಡಲಿಲ್ಲ. ತಂಗಿಯನ್ನು ಬಾಗಿಲ ಬೆಳಕಿಗೆ ಕೂರಿಸಿ, ಕಣ್ಣಿನ ವಿಷಯವನ್ನು ಇದ್ದದ್ದು ಇದ್ದ ಹಾಗೆ ಹೇಳಿದಳು. ಹುಡುಗ ತಲೆಯೆತ್ತಿ ನೋಡಿ, ತನಗೆ ಒಪ್ಪಿಗೆ ಎಂದ. ತಾಯಿಯೂ ಬೇಡವೆನ್ನಲಿಲ್ಲ.

ಆಮೇಲೆ ಇಬ್ಬರ ಫೋನು ಶುರುವಾಯಿತು. ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ತಂಗಿ ಪಾರ್ಲರಿನ ಪರದೆಯ ಹಿಂದೆ ಹೋಗಿ ಮಾತಾಡುತ್ತಿದ್ದಳು. ಅವಳು ಅಷ್ಟು ಮೆಲ್ಲಗೆ ನಗಬಲ್ಲಳೆಂದು ನನಗೆ ಗೊತ್ತಿರಲಿಲ್ಲ. ಒಂದು ದಿನ ಹೊರಗೆ ಬಂದು, "ಯಕ್ಕಾ, ಎಂಗೇಜ್‌ಮೆಂಟಿಗೆ ನನ್ನ ಕಣ್ಣು ನಾನ ಮಾಡ್ಕೊಂತೀನಿ" ಎಂದಳು. ಅವನೇ ಕೇಳಿದ್ದನಂತೆ: ಊರವರಿಗೆಲ್ಲ ಮಾಡುತ್ತೀಯಲ್ಲ, ನಿನಗೇಕೆ ಮಾಡಿಕೊಳ್ಳುವುದಿಲ್ಲ, ಒಮ್ಮೆ ನಾನೂ ನೋಡಬೇಕು ಎಂದು.

ಎಂಗೇಜ್‌ಮೆಂಟ್ ಮಸ್ಕಿಯ ಮನೆಯಲ್ಲೇ ಆಯಿತು. ತಂಗಿ ಕೋಣೆಯ ಕದ ಹಾಕಿಕೊಂಡು ಸಣ್ಣ ಕನ್ನಡಿ ಹಿಡಿದು ಕೂತಳು. ಬಲಗಣ್ಣು ಮುಚ್ಚಿದರೆ ಏನೂ ಕಾಣದು. ಹಾಗಾಗಿ ಬಲಗಣ್ಣಿನ ಬಣ್ಣವನ್ನು ಅಷ್ಟಷ್ಟೇ ಹಚ್ಚಿ, ಕಣ್ಣು ತೆರೆದು ನೋಡಿ, ಮತ್ತೆ ಮುಚ್ಚಿ ಹಚ್ಚಬೇಕಿತ್ತು. ನಾನು ಮಾಡಿಕೊಡಲೇ ಎಂದರೆ ಬೇಡ ಎಂದಳು. ಬಹಳ ಹೊತ್ತಾದ ಮೇಲೆ ಕದ ತೆಗೆದಳು. ಹಸಿರು ಇಳಕಲ್ ಸೀರೆ, ಆ ಎರಡು ಕಣ್ಣು. ಹೊಗೆಯೊಳಗಿಂದ ನೋಡಿದ ಹಾಗೆ ಕಪ್ಪು ಹರಡಿತ್ತು, ನಡುವೆ ಆ ಬಿಳಿ ಹೂವು ಹೊಳೆಯುತ್ತಿತ್ತು. ಮುಚ್ಚಿಡುವ ಆಸೆಯೇ ಅದರಲ್ಲಿ ಇರಲಿಲ್ಲ. ಅವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಹುಡುಗ ಉಂಗುರ ಹಾಕುವಾಗ ಅವಳ ಮುಖದಿಂದ ದೃಷ್ಟಿ ತೆಗೆಯಲಿಲ್ಲ. ಇದನ್ನು ನಾನೇ ಕಣ್ಣಾರೆ ನೋಡಿದ್ದೇನೆ.

ಫೋಟೊಗಳು ಅವರ ಬಳಗದ ವಾಟ್ಸಾಪ್ ಗುಂಪಿಗೆ ಹೋದವು. ಆವತ್ತು ಬಾರದೆ ಇದ್ದವರೂ ನೋಡಿದರು. ಅವನ ದೊಡ್ಡಪ್ಪ ಫೋಟೊ ಹಿಗ್ಗಿಸಿ ನೋಡಿ, ಇಂಥ ಕಣ್ಣಿನವಳನ್ನು ಮನೆ ತುಂಬಿಸಿಕೊಂಡರೆ ಹುಟ್ಟುವ ಮಕ್ಕಳ ಗತಿಯೇನು ಎಂದರಂತೆ. ಭತ್ತದ ತೆನೆಯ ಗಾಯ ಮಕ್ಕಳಿಗೆ ಬರುವುದಿಲ್ಲವೆಂದು ಹೇಳುವವರು ಆ ಮನೆಯಲ್ಲಿ ಯಾರೂ ಇರಲಿಲ್ಲವೋ, ಇದ್ದೂ ಸುಮ್ಮನಿದ್ದರೋ. ಫೋನು ಕಡಿಮೆಯಾಯಿತು. ಆಮೇಲೆ ನಿಂತಿತು.

ಒಂದು ಮಧ್ಯಾಹ್ನ ಅವನೇ ಪಾರ್ಲರಿಗೆ ಬಂದ. ತಂಗಿ ಪರದೆಯ ಆಚೆ ವಳಕಮದಿನ್ನಿಯ ಹುಡುಗಿಯೊಬ್ಬಳಿಗೆ ಕಣ್ಣು ಮಾಡುತ್ತಿದ್ದಳು. ಅವನು ನನ್ನ ಮುಂದಿನ ಕುರ್ಚಿಯ ತುದಿಯಲ್ಲಿ ಕೂತು ನೆಲ ನೋಡುತ್ತ ಹೇಳಿದ.

"ಅಕ್ಕಾರ, ನನಗೇನೂ ಅಭ್ಯಂತರ ಇಲ್ರಿ. ಮನ್ಯಾಗ ಹಿರೇರು ಒಪ್ಪವಲ್ರು. ಅವ್ವ ಊಟ ಬಿಟ್ಟು ಕುಂತಾಳ."

ಪರದೆ ಸರಿಯಿತು. ತಂಗಿಯ ಕೈಯಲ್ಲಿ ಬ್ರಷ್ ಹಾಗೇ ಇತ್ತು.

"ಅವರು ಏನಂದ್ರು ಅನ್ನೋದು ಕೇಳಿಸ್ತು," ಎಂದಳು. "ನೀವೇನಂತೀರಿ?"

ಅವನು ನೆಲದಿಂದ ಕಣ್ಣೆತ್ತಲಿಲ್ಲ. ಹೊರಗೆ ಗಂಗಾವತಿ ರಸ್ತೆಯಲ್ಲಿ ಭತ್ತದ ಲಾರಿಗಳು ಹೋಗುತ್ತಿದ್ದವು. ತಂಗಿ ಇನ್ನೂ ಸ್ವಲ್ಪ ಕಾದಳು. ಆಮೇಲೆ ಪರದೆ ಎಳೆದುಕೊಂಡು ಒಳಗೆ ಹೋಗಿ, ಆ ಹುಡುಗಿಯ ಎರಡನೇ ಕಣ್ಣು ಮುಗಿಸಿದಳು. ಅಷ್ಟು ಚೆಂದದ ಕಣ್ಣನ್ನು ನಾನು ಮತ್ತೆ ನೋಡಿಲ್ಲ.

ಅವನು ಹೋದ. ಗಿರಾಕಿ ಹೋದಳು. ತಂಗಿ ಬ್ರಷ್‌ಗಳನ್ನು ತೊಳೆದು ಟವೆಲ್ಲಿನ ಮೇಲೆ ಹರವಿದಳು. ಬೆನ್ನು ನನ್ನ ಕಡೆಗಿತ್ತು.

"ನಾ ಆವತ್ತು ಕಾಡಿಗಿ ಹಚ್ಚಿರಲಿಲ್ಲ ಅಂದ್ರ ಫೋಟೊದಾಗ ಅಷ್ಟು ಕಾಣ್ತಿದ್ದಿಲ್ಲ, ಹೌದಲ್ಲ ಯಕ್ಕಾ?"

ಹಾಗಲ್ಲ, ಕಣ್ಣಿನ ವಿಷಯ ಮೊದಲೇ ಗೊತ್ತಿತ್ತಲ್ಲ, ಅವನಿಗೇ ಧೈರ್ಯವಿಲ್ಲ ಎಂದೆಲ್ಲ ಹೇಳಿದೆ. ಅವಳು ಹೂಂ ಎಂದಳು. ಮರುದಿನದಿಂದ ಅವಳು ಕಣ್ಣಿನ ಕೆಲಸ ಬಿಟ್ಟಳು. ಸೀರೆ ಉಡಿಸುತ್ತಾಳೆ, ಜಡೆ ಹೆಣೆಯುತ್ತಾಳೆ, ಮೆಹಂದಿ ಹಾಕುತ್ತಾಳೆ. ಕಣ್ಣಿನ ಸರದಿ ಬಂದ ಕೂಡಲೇ, "ಅಕ್ಕ ಮಾಡ್ತಾಳ್ರಿ" ಎಂದು ಪಕ್ಕಕ್ಕೆ ಸರಿಯುತ್ತಾಳೆ. ಮಾಡುವಾಗ ನನ್ನ ಕೈ ತಪ್ಪುವುದು ಅವಳಿಗೆ ಕಾಣುತ್ತದೆ. ಆದರೂ ಮೊದಲಿನ ಹಾಗೆ ಬ್ರಷ್ ತೆಗೆದುಕೊಳ್ಳುವುದಿಲ್ಲ.

ಇದನ್ನು ನಾನು ಅವ್ವನಿಗೆ ಹೇಳಿದ್ದೆ. ಅವ್ವ ಒಂದು ದಿನ ಮಸ್ಕಿಯಿಂದ ಬಂದಳು. ಅಪ್ಪ ಹೋದ ಮೇಲೆ ಕಾಡಿಗೆಯನ್ನು ಮುಟ್ಟದವಳು, ನನ್ನ ಪಾರ್ಲರಿನ ಕುರ್ಚಿಯಲ್ಲಿ ಎಂದೂ ಕೂರದವಳು, ಚಪ್ಪಲಿ ಹೊರಗೆ ಬಿಟ್ಟು ಬಂದು ನೇರವಾಗಿ ಕನ್ನಡಿಯ ಮುಂದೆ ಕೂತಳು. ತಂಗಿಯನ್ನು ಕರೆದು, "ನನ್ನ ಕಣ್ಣು ಮಾಡು ಬೇ. ಮಂದಿಗೆ ಮಾಡ್ತೀಯಲ್ಲ, ಹಂಗ" ಎಂದಳು.

ತಂಗಿ ಬೇಡವ್ವ ಎಂದಳು. ಅವ್ವ ಕಣ್ಣು ಮುಚ್ಚಿಕೊಂಡು ಕೂತೇ ಇದ್ದಳು. ಕೊನೆಗೆ ತಂಗಿ ಪೆಟ್ಟಿಗೆ ತೆಗೆದಳು. ಮುಖ ಹತ್ತಿರ ತಂದು, ಅವ್ವನ ಸುಕ್ಕು ರೆಪ್ಪೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಎಳೆದು ಹಿಡಿದು, ಕಾಡಿಗೆ ತೀಡಿದಳು, ಕಂದು ಹಚ್ಚಿದಳು, ಹೊರಮೂಲೆಗೆ ಕಪ್ಪು ಹಚ್ಚಿ ಸುತ್ತಿಸಿದಳು. ಒಂದು ಕಣ್ಣು ಮುಗಿಯಿತು. ಇನ್ನೊಂದಕ್ಕೆ ಕೈ ಎತ್ತಿದವಳು ಅಲ್ಲಿಗೇ ನಿಂತಳು.

"ಆಗವಲ್ದವ್ವಾ," ಎಂದು ಬ್ರಷ್ ಕೆಳಗಿಟ್ಟು ಅವ್ವನ ತೊಡೆಯ ಮೇಲೆ ತಲೆಯಿಟ್ಟಳು. ಅವನು ಬಂದುಹೋದ ಮಧ್ಯಾಹ್ನದಿಂದ ತಡೆದುಕೊಂಡಿದ್ದ ಅಳು ಆವಾಗ ಬಂತು. ಅವ್ವ ಅವಳ ಬೆನ್ನು ಸವರುತ್ತ ಕೂತಳು.

ಹೊರಡುವ ಹೊತ್ತಿಗೆ ನಾನು ಎಣ್ಣೆ ಹತ್ತಿ ತಂದೆ. ಒರೆಸುತ್ತೇನೆ, ಇಲ್ಲವೇ ಇನ್ನೊಂದನ್ನೂ ನಾನು ಮಾಡುತ್ತೇನೆ, ಹೀಗೆ ಬಸ್ಸು ಹತ್ತಬೇಡ ಎಂದೆ. ಅವ್ವ ನನ್ನ ಕೈ ಸರಿಸಿದಳು.

"ಆಕಿ ಮಾಡಿದ್ದು. ಇರ್ಲಿ."

ತಂಗಿ ಸಂಜೆ ಬಸ್ಸಿಗೆ ಹೋಗುವವಳು, ಪಾರ್ಲರಿನಲ್ಲೇ ಉಳಿದಳು. ನಾನೂ ಅವ್ವನೂ ಬಸ್ ಸ್ಟ್ಯಾಂಡಿನವರೆಗೆ ಹೋದೆವು. ಮಂದಿ ತಿರುಗಿ ತಿರುಗಿ ನೋಡಿದರು. ಒಂದು ಕಣ್ಣು ರಾಣಿಯದು, ಇನ್ನೊಂದು ಹೊಲದಲ್ಲಿ ದುಡಿಯುವ ವಿಧವೆಯದು. ಅವ್ವ ಸೆರಗು ಮುಂದೆ ಎಳೆದುಕೊಳ್ಳಲಿಲ್ಲ. ಲಿಂಗಸುಗೂರು ಬಸ್ಸಿನ ಕಿಟಕಿಯ ಬಳಿ ಕೂತು, ಮಸ್ಕಿಗೆ ಒಂದು ಟಿಕೆಟ್ ಎಂದು ಕಂಡಕ್ಟರನಿಗೆ ಗಟ್ಟಿಯಾಗಿ ಹೇಳಿದಳು.

ತಂಗಿ ಇನ್ನೂ ಕಣ್ಣಿನ ಕೆಲಸಕ್ಕೆ ಮರಳಿಲ್ಲ.