ಉಣ್ಣಿ ಎಣಿಸುವ ಅಕ್ಕಾರು

ಇರಕಲ್ಲಗಡದ ಉರಿಬಿಸಿಲಲ್ಲೂ ಅವರು ಮೊಣಕಾಲಿನವರೆಗೆ ಬಿಳಿ ಕಾಲುಚೀಲ ಎಳೆದುಕೊಂಡು, ಚೂಡಿದಾರದ ಪ್ಯಾಂಟನ್ನು ಅದರೊಳಗೆ ತುರುಕಿಕೊಂಡೇ ಬರುತ್ತಿದ್ದರು. ಉಣ್ಣಿ ಹತ್ತಿದರೆ ಬಿಳಿಯ ಮೇಲೆ ತಟ್ಟನೆ ಕಾಣಲಿ ಎಂದು. "ಅಕ್ಕಾರ, ಫುಟ್‌ಬಾಲ್ ಆಡಾಕ ಹೊಂಟೀರೇನ್ರಿ?" ಎಂದು ನನ್ನ ಹೆಂಡತಿ ಕೇಳಿದರೆ, "ಹೌದ್ರಿ, ನಿಮ್ಮ ಆಕಳ ಗೋಲ್‌ಕೀಪರ್" ಎನ್ನುತ್ತಿದ್ದರು. ಅವರು ಕೀಟವಿಜ್ಞಾನಿ, ಊರಿಗೆ ಉಣ್ಣಿ ಅಕ್ಕಾರು. ರಕ್ತ ಹೀರಿ ಜ್ವರ ಹರಡುವ ಉಣ್ಣಿಯನ್ನು ಕೆಲವು ದನಗಳ ಚರ್ಮ ಹೇಗೆ ತಡೆಯುತ್ತದೆ ಎಂಬುದೇ ಅವರ ಸಂಶೋಧನೆ.

ನಾನು ನಿವೃತ್ತ ಮುಖ್ಯೋಪಾಧ್ಯಾಯ. ಐದಕ್ಕೆ ಏಳುವುದು, ಐದೂವರೆಗೆ ಕೊಟ್ಟಿಗೆ ತೊಳೆಯುವುದು ಇಂದಿಗೂ ತಪ್ಪಿಲ್ಲ. ಅದಕ್ಕೇ ಅವರು ನಮ್ಮ ಕರುವನ್ನು ಆರಿಸಿದ್ದು. ಹುಟ್ಟಿದಾಗಿನಿಂದ ಅದಕ್ಕೆ ಒಂದೂ ಉಣ್ಣಿ ಕಚ್ಚಿರಲಿಲ್ಲ.

"ಮೊದಲನೇ ಸಲ ಕಡದಾಗ ಮೈಗೆ ತಿಳಿಯೂದಿಲ್ರಿ ಸರ್. ಆಮ್ಯಾಲ ಗುರ್ತು ಇಟ್ಕೊಂತೈತಿ. ಮುಂದಿನ ಸಲ ಬಂದ ಉಣ್ಣಿಗೆ ಹೊಟ್ಟಿತುಂಬ ಉಣಗೊಡೂದಿಲ್ಲ."

ಬೇಸಿಗೆ ರಜೆಯಲ್ಲಿ ಇಡೀ ವರ್ಷದ ಪಾಠ ಮರೆತು ಬರುವ ಮಕ್ಕಳನ್ನು ಕಂಡವನು ನಾನು. ತೊಗಲಿಗೂ ನೆನಪಿದೆ ಎಂದಾಗ ಬೆರಗಾದೆ.

ಮರಿ ಉಣ್ಣಿಗಳನ್ನು ಕರುವಿಗೆ ಹತ್ತಿಸಿ, ಎಷ್ಟು ಹೊಟ್ಟೆ ತುಂಬಿಸಿಕೊಂಡು ಉದುರುತ್ತವೆಂದು ನೋಡಬೇಕು, ಇಪ್ಪತ್ತೊಂದು ದಿನ ಮುಟ್ಟಬೇಡಿ ಎಂದರು. ದಿನವೂ ಬಂದು ಕಿವಿಯಿಂದ ಬಾಲದವರೆಗೆ ಭೂತಗನ್ನಡಿ ಹಿಡಿದು ಎಣಿಸಿದರು. ಹತ್ತೊಂಬತ್ತನೆಯ ದಿನ ಶನಿವಾರ, ನಾನು ದನ ತೊಳೆಯುವ ದಿನ. ಕರು ಕಂಬಕ್ಕೆ ಮೈ ತಿಕ್ಕುತ್ತಿತ್ತು. ತಡೆಯಲಾಗಲಿಲ್ಲ, ಔಷಧ ಹಚ್ಚಿ, ತೊಳೆದು, ಒಂದೂ ಉಳಿಯದಂತೆ ತೆಗೆದುಬಿಟ್ಟೆ.

ಅವರು ಬಂದು ನೋಡಿ, ನೆಲದ ಮೇಲೆಯೇ ಕುಳಿತರು.

"ಎರಡ ದಿನದ್ದು ಅಂದಾಜ ಬರಕೊಳ್ರಿ" ಎಂದೆ.

"ಸಾಲಿಗೆ ಬರಲಾರದ ಹುಡುಗರ ಹಾಜರಿ ಹಾಕ್ತಿದ್ರೇನ್ರಿ ಸರ್, ನೀವು?"

ಬೈದಿದ್ದರೆ ಹಗುರವಾಗುತ್ತಿತ್ತು. "ಮತ್ತ ಹತ್ತಸ್ರಿ, ಈ ಸಲ ಮುಟ್ಟೂದಿಲ್ಲ."

"ಇದಕ್ಕ ಮೊದಲನೇ ಸಲ ಆಗಿಹೋತ್ರಿ."

ಪುಸ್ತಕದಲ್ಲಿ 'ಮಾಲೀಕರು ತೊಳೆದರು' ಎಂದಷ್ಟೇ ಬರೆದು ಎದ್ದರು. ಆಕಳ ಹೊಟ್ಟೆ ಸವರುತ್ತ, "ಮುಂದಿನ ಕರಾ ಯಾವಾಗ್ರಿ?" ಎಂದರು.

ಒಂದು ವರ್ಷಕ್ಕೂ ಹೆಚ್ಚು ಕಾದರು, ಒಂದು ಮೊದಲನೇ ಸಲಕ್ಕಾಗಿ.

ಎರಡನೆಯ ಕರುವಿಗೆ ಉಣ್ಣಿ ಹತ್ತಿಸಿದ ಇಪ್ಪತ್ತೊಂದನೆಯ ದಿನ. ಹೊಟ್ಟೆ ತುಂಬಿದ ಉಣ್ಣಿಗಳು ಬೆಳಗಿನ ಜಾವ ತಾವೇ ಕಳಚಿ ಬೀಳುತ್ತವೆ, ಒಂದೊಂದೂ ಬೇಕು ಎಂದಿದ್ದ ಅಕ್ಕಾರು ಕತ್ತಲಿರುವಾಗಲೇ ಬಂದಿದ್ದರು. ಜೀವಮಾನದಲ್ಲಿ ಎಷ್ಟು ಉಣ್ಣಿ ಕೆಂಡಕ್ಕೆ ಹಾಕಿದ್ದೆನೋ. ಅಂದು ಕಸಬರಿಗೆ ಮುಟ್ಟಲಿಲ್ಲ. ಚಪ್ಪಲಿ ಹೊರಗೆ ಬಿಟ್ಟು, ಮಂಡಿಯೂರಿ, ನೆಲ ಸವರುತ್ತ ಹೋಗಿ, ಸಿಕ್ಕ ಒಂದೊಂದನ್ನೂ ಎರಡು ಬೆರಳಲ್ಲಿ ಮೆಲ್ಲಗೆ ಎತ್ತಿ ಅವರ ಅಂಗೈಯಲ್ಲಿಟ್ಟೆ.